ಹೊಂಗೆಕುಂಟೆಯ ಹನ್ನೆರಡು ಬಾಗಿಲು

ಹೋದ ತಿಂಗಳು ನಾಗಸಂದ್ರ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು ರಸ್ತೆಗೆ ಬಂದಾಗ ಚರಂಡಿಯ ಹೂಳು ತೆಗೆಯುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಎಲ್ಲ ಕಡೆ ನಡೆಯುವ ಕೆಲಸ. ಪಾದಚಾರಿ ದಾರಿಯ ಮೇಲೆ ಕಪ್ಪು ಹೂಳನ್ನು ರಾಶಿ ಹಾಕಿದ್ದರು. ಅದರಿಂದ ನೀರು ಸೋರಿ ಟಾರಿನ ಮೇಲೆ ಹರಿಯುತ್ತಿತ್ತು. ಜನ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ನಾನು ನಿಂತುಬಿಟ್ಟೆ. ಹಿಂದಿದ್ದವರೊಬ್ಬರು, "ನಡೀರಿ ಮೇಡಂ, ದಾರಿ ಬಿಡಿ," ಎಂದರು. ಪಕ್ಕಕ್ಕೆ ಸರಿದೆ, ಹೋಗಲು ಮಾತ್ರ ಆಗಲಿಲ್ಲ. ಕೊಳೆತ ಎಲೆ, ಸೋಪಿನ ನೀರು, ಯಂತ್ರದ ಎಣ್ಣೆ, ಒದ್ದೆ ಹತ್ತಿ ಎಲ್ಲ ಸೇರಿದ ಆ ವಾಸನೆ ನನಗೆ ಒಂದೇ ಊರಿನದು, ಒಂದೇ ವರ್ಷದ್ದು.

ಆ ವರ್ಷ ನಾನು ಸರ್ಜಾಪುರದ ಆಚೆ ಹೊಂಗೆಕುಂಟೆ ಗ್ರಾಮ ಪಂಚಾಯಿತಿಯಲ್ಲಿ ಅಭಿವೃದ್ಧಿ ಅಧಿಕಾರಿಯಾಗಿದ್ದೆ. ಮನೆ ರಾಜಗೋಪಾಲನಗರದಲ್ಲಿ. ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಾರೆ. ನಗರದ ಈ ತುದಿಯಿಂದ ಆ ತುದಿಗೆ ದಿನಾ ಓಡಾಡುವುದು ಆಗದ ಮಾತೆಂದು ಸರ್ಜಾಪುರದಲ್ಲೇ ಒಂದು ಕೋಣೆ ಹಿಡಿದಿದ್ದೆ. ಶನಿವಾರ ಸಂಜೆ ಮನೆಗೆ, ಸೋಮವಾರ ಬೆಳಿಗ್ಗೆ ವಾಪಸು.

ಹೊಂಗೆಕುಂಟೆ ಆಗಲೇ ಅರ್ಧ ಊರು, ಅರ್ಧ ಬೇರೇನೋ ಆಗಿತ್ತು. ರಾಗಿ ಹೊಲಗಳಿದ್ದ ಕಡೆ ಎರಡು ಅಪಾರ್ಟ್‌ಮೆಂಟು, ಒಂದು ದೊಡ್ಡ ಗೋದಾಮು, ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆ ಎದ್ದಿದ್ದವು. ಉಳುತ್ತಿದ್ದವರು ಕೋಣೆಗಳನ್ನು ಕಟ್ಟಿ ಬಾಡಿಗೆಗೆ ಕೊಡುತ್ತಿದ್ದರು. ಯಾದಗಿರಿ, ರಾಯಚೂರು, ಕೊಪ್ಪಳದ ಕಡೆಯಿಂದ ದುಡಿಯಲು ಬಂದವರು ಆ ಕೋಣೆಗಳಲ್ಲಿದ್ದರು. ಊರಿನ ಮೇಲ್ಗಡೆ ಕೆರೆ. ಅದು ತುಂಬಿದರೆ ಹೆಚ್ಚಾದ ನೀರು ಕೋಡಿಯಿಂದ ಹೊರಬಿದ್ದು, ರಾಜಕಾಲುವೆಯಲ್ಲಿ ಹರಿದು, ಕೆಳಗಿನ ಕೆರೆಗೆ ಸೇರಬೇಕು. ಕಾಲುವೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಬಂದು, ಎರಡು ಮಳೆಗಾಲ ಸತತವಾಗಿ ನೀರು ಊರೊಳಕ್ಕೆ ನುಗ್ಗಿತ್ತು.

ಹಾಗಾಗಿ ಪ್ರವಾಹ ತಡೆ ಕಾಮಗಾರಿ ಮಂಜೂರಾಗಿದೆ ಎಂದು ಸರ್ಕಾರದ ಪತ್ರ ಬಂದ ದಿನ ಪಂಚಾಯಿತಿಯಲ್ಲಿ ಎಲ್ಲರಿಗೂ ಸಿಹಿ ಹಂಚಿದರು. ಕಾಲುವೆಯ ಎರಡೂ ಬದಿಗೆ ಕಾಂಕ್ರೀಟ್ ಗೋಡೆ, ಕೋಡಿಯ ಬಾಯಿಗೆ ಚಕ್ರ ತಿರುಗಿಸಿ ಎತ್ತುವ ಶಟರ್, ಅದರ ಮುಂದೆ ಕಸ ತಡೆಯಲು ಕಬ್ಬಿಣದ ಜಾಲರಿ. ಹಣವೆಲ್ಲ ಸರ್ಕಾರದ್ದು. ಪಂಚಾಯಿತಿ ಒಂದು ಮುಚ್ಚಳಿಕೆ ಬರೆದುಕೊಟ್ಟರೆ ಸಾಕಿತ್ತು.

ಆ ಮುಚ್ಚಳಿಕೆಯನ್ನು ಸಭೆಯಲ್ಲಿ ಓದಿದವಳು ನಾನೇ. ಕೆಲಸಕ್ಕೆ ಬೇಕಾದ ಜಾಗವನ್ನು ತಕರಾರಿಲ್ಲದಂತೆ ಬಿಡಿಸಿಕೊಡಬೇಕು. ಅಡ್ಡ ಬರುವ ಕಂಬ, ಪೈಪುಗಳನ್ನೂ ಅಲ್ಲಿ ವಾಸವಿರುವವರನ್ನೂ ಪಂಚಾಯಿತಿಯೇ ಬೇರೆ ಕಡೆಗೆ ಸಾಗಿಸಬೇಕು. ಕೆಲಸ ಮುಗಿದ ಮೇಲೆ ವಶಕ್ಕೆ ಪಡೆದು ಹೂಳೆತ್ತಿಸಬೇಕು, ಜಾಲರಿ ಕಟ್ಟಿಕೊಳ್ಳದಂತೆ ಕಾಯಬೇಕು, ಶಟರಿಗೆ ಆಳನ್ನು ನೇಮಿಸಬೇಕು. ಮುಂದೆ ಏನೇ ಹಾನಿಯಾದರೂ ಸರ್ಕಾರವನ್ನು ಹೊಣೆ ಮಾಡಕೂಡದು. ಇನ್ನೂ ಒಂದು ಪುಟ ಉಳಿದಿತ್ತು. ಅಧ್ಯಕ್ಷ ನಾಗರಾಜು ಕೈ ಎತ್ತಿದರು.

"ಸಾಕು ಬಿಡಿ ಮೇಡಂ, ಎಲ್ಲಾ ಕಡೆ ಇದೇ ಇರುತ್ತೆ. ಕೊಡೋಕೆ ಬಂದಿರೋರ್ನ ಬೇಡ ಅನ್ನಕ್ಕಾಗುತ್ತಾ?"

ನಾಗರಾಜು ಕೆಟ್ಟ ಮನುಷ್ಯರಲ್ಲ. ಹಿಂದಿನ ವರ್ಷ ನೀರು ನುಗ್ಗಿದಾಗ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಜನರಿಗೆ ಅನ್ನ ಬಡಿಸಿದವರು. ಸದಸ್ಯರೆಲ್ಲ ಸಹಿ ಹಾಕತೊಡಗಿದಾಗ ಬಾಗಿಲ ಬಳಿ ನಿಂತಿದ್ದ ನೀರುಗಂಟಿ ಮುನಿಯಪ್ಪ ಕೆಮ್ಮಿದ. ನೀರುಗಂಟಿ ಎಂದರೆ ಈಗ ಕೊಳವೆಬಾವಿಯ ವಾಲ್ವ್ ತಿರುಗಿಸಿ ಬೀದಿಬೀದಿಗೆ ಕುಡಿಯುವ ನೀರು ಬಿಡುವವನು. ಅವನ ತಂದೆ, ಅಜ್ಜನ ಕಾಲಕ್ಕೆ ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಹಂಚುತ್ತಿದ್ದ ಮನೆತನ ಅದು. ಅರವತ್ತರ ಹತ್ತಿರದ, ಸಣಕಲು ಮೈಯ ಮನುಷ್ಯ. ಮಾತು ಕಡಿಮೆ.

"ಸಾಮಿ, ಜಾಲರಿ ಆಕ್ತೀರಲ್ಲ, ಅದಕ್ಕೆ ಸಿಕ್ಕೊಂಡ ಕಸ ತೆಗಿಯೋರು ಯಾರು?"

"ನೀನೇ ಕಣೋ ಮುನಿಯಪ್ಪ, ಇನ್ಯಾರು?" ಎಂದರು ನಾಗರಾಜು. ಎಲ್ಲರೂ ನಕ್ಕರು. ಮುನಿಯಪ್ಪನೂ ನಕ್ಕ. ನಾನೂ ನಕ್ಕೆನೇನೋ.

ಜಾಗ ಬಿಡಿಸುವ ಕೆಲಸ ಜನವರಿಯಲ್ಲಿ ಶುರುವಾಯಿತು. ಕಾಲುವೆಯ ಅಂಚನ್ನು ಒತ್ತಿ ಕಟ್ಟಿದ್ದ ಕೋಣೆಗಳ ಸಾಲು ಹೋಗಬೇಕಿತ್ತು. ಮಾಲೀಕರು ಮೊದಲು ಕೂಗಾಡಿದರು, ಆಮೇಲೆ ಒಪ್ಪಿದರು. ಅವರಿಗೆ ಬೇರೆ ಜಾಗಗಳಿದ್ದವು. ಉಳಿದವರು ಬಾಡಿಗೆಗಿದ್ದ ಹನ್ನೆರಡು ಕುಟುಂಬ. ಕಾಲುವೆಯ ಸರ್ವೆ ಕಲ್ಲು ನೋಡುತ್ತ ಬರುತ್ತಿದ್ದಾಗ ಒಬ್ಬ ಹೆಂಗಸು ನನ್ನೆದುರು ಬಂದು ನಿಂತಳು. ಹಣಮವ್ವ. ಯಾದಗಿರಿಯ ಕಡೆಯವಳು. ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುವ ಕೆಲಸ. ಗಂಡ ಬಸಪ್ಪ ಬಿಡಿಭಾಗಗಳ ಕಾರ್ಖಾನೆಯಲ್ಲಿ ರಾತ್ರಿ ಪಾಳಿ.

"ಎಲ್ಲಿಗ್ ಹೋಗೂಣ್ರಿ ಮೇಡಂ? ಈಗ ಎಲ್ಲಿ ಕೇಳಿದ್ರೂ ಬಾಡಗಿ ಮನಿ ಸಿಗಂಗಿಲ್ರಿ. ನೀವ ಹೇಳ್ರಿ ಎಲ್ಲಿಗ್ ಅಂತ."

ಅವಳು ಜಗಳಕ್ಕೆ ಬಂದವಳಲ್ಲ, ನಿಜವಾಗಿ ಕೇಳಿದ್ದಳು. ವಾಸವಿರುವವರನ್ನು ಸಾಗಿಸುವುದು ಪಂಚಾಯಿತಿಯ ಹೊಣೆ ಎಂದು ಓದಿದವಳು ನಾನೇ ಆದ್ದರಿಂದ ಉತ್ತರವನ್ನೂ ನಾನೇ ಹುಡುಕಬೇಕಿತ್ತು. ಎರಡು ವಾರ ಹುಡುಕಿದೆ. ಶಾಲೆಯ ಪಕ್ಕದ ಜಾಗ ಕೇಳಿದರೆ ಊರಿನವರು ಬೇಡವೆಂದರು. ಸ್ಮಶಾನದ ಅಂಚು ಕೇಳಿದರೆ ಅದಕ್ಕೂ ತಕರಾರು. ಕೊನೆಗೆ ಯಾರೂ ತಕರಾರು ಮಾಡದ ಒಂದು ಜಾಗ ಸಿಕ್ಕಿತು. ಕೆರೆ ಏರಿಯ ಕೆಳಗೆ, ಹಿಂದೆ ಇಟ್ಟಿಗೆ ಗೂಡಿಗೆ ಮಣ್ಣು ತೆಗೆದ ತಗ್ಗು. ಬೇಸಿಗೆಯಲ್ಲಿ ಹೊಂಗೆಮರದ ನೆರಳು ಚೆನ್ನಾಗಿ ಬೀಳುತ್ತಿತ್ತು. ಅಳತೆ ಮಾಡಿಸುವಾಗ ಟೇಪಿನ ಇನ್ನೊಂದು ತುದಿ ಹಿಡಿದಿದ್ದವನು ಮುನಿಯಪ್ಪ.

"ಇದು ನೀರಿನ ಜಾಗ ಕಣಮ್ಮ," ಎಂದ.

"ಗೊತ್ತು ಮುನಿಯಪ್ಪ. ಮಳೆಗಾಲದೊಳಗೆ ಬೇರೆ ಕಡೆ ವ್ಯವಸ್ಥೆ ಮಾಡ್ತೀವಿ."

ಅವನು ಟೇಪನ್ನು ಎಳೆದು ಹಿಡಿದ. ನಾನು ಸುಳ್ಳು ಹೇಳಿರಲಿಲ್ಲ. ಆಗ ಹಾಗೆಂದೇ ನಂಬಿದ್ದೆ.

ತಗಡಿನ ಗೋಡೆ, ತಗಡಿನ ಮಾಡು, ಸಾಲಾಗಿ ಹನ್ನೆರಡು ಮನೆ. ಬಾಗಿಲಿಗೆ ಹೊರಗಡೆ ಕೊಂಡಿ ಇತ್ತು. ಒಳಗೆ ಚಿಲಕವಿರಲಿಲ್ಲ. ಸಾಮಾನು ತಂದಿಟ್ಟ ದಿನವೇ ಹಣಮವ್ವ ಅದನ್ನು ತೋರಿಸಿದಳು. "ಒಳಗ ಚಿಲಕ ಇಲ್ರಿ ಮೇಡಂ. ಗಾಳಿ ಬೀಸಿದ್ರ ಬಾಗಲಾ ತಾನ ತಗೀತೈತಿ." ಎರಡು ಮೂರು ತಿಂಗಳ ಮಟ್ಟಿಗೆ ಸುಧಾರಿಸಿಕೊಳ್ಳಿ ಎಂದೆ. ಅವಳು ತಲೆಯಾಡಿಸಿದಳು. ಕೇಳಿದ್ದನ್ನು ಎರಡನೆಯ ಸಲ ಕೇಳುವ ಅಭ್ಯಾಸ ಅವರಿಗಿರಲಿಲ್ಲ.

ಕಾಮಗಾರಿ ಭರದಿಂದ ನಡೆಯಿತು. ಬೇಸಿಗೆಯುದ್ದಕ್ಕೂ ಊರ ಮೇಲೆ ಸಿಮೆಂಟಿನ ಧೂಳು. ರಾಗಿ ಒಣಗಹಾಕಿದವರು ಅದನ್ನೂ ಸೇರಿಸಿ ಕೇರಬೇಕಾಯಿತು. ಸರ್ಕಾರದ ಕಡೆಯ ಇಂಜಿನಿಯರ್ ಪ್ರಸಾದ್ ಎಂಬ ಯುವಕ ದಿನಾ ಬರುತ್ತಿದ್ದರು. ಬಿಸಿಲಲ್ಲಿ ನಿಂತು ಗೋಡೆಯ ಪ್ರತಿ ಅಡಿಯನ್ನೂ ನೋಡುತ್ತಿದ್ದರು. ಗೋಡೆ ನಿಜಕ್ಕೂ ಚೆನ್ನಾಗಿಯೇ ಬಂತು. ಇವತ್ತಿಗೂ ಅದರಲ್ಲಿ ಬಿರುಕಿಲ್ಲವಂತೆ.

ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಅವರು ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ಮುಚ್ಚಳಿಕೆಯ ಷರತ್ತುಗಳನ್ನೆಲ್ಲ ಪಾಲಿಸಿದ್ದೇವೆ ಎಂಬ ದೃಢೀಕರಣ ಪತ್ರ.

"ಶಟರ್ ನೋಡ್ಕೊಳ್ಳೋಕೆ ಯಾರನ್ನ ಅಪಾಯಿಂಟ್ ಮಾಡಿದೀರಿ ಮೇಡಂ? ಹೆಸರು ಬರೀಬೇಕು."

"ಅಂಥ ಹುದ್ದೆಯೇ ನಮ್ಮಲ್ಲಿಲ್ಲವಲ್ಲ. ಸಭೆಯಲ್ಲಿ ಒಪ್ಪಿಗೆ ಆಗಬೇಕು, ಮೇಲಿಂದ ಅನುಮತಿ ಬರಬೇಕು."

"ಅದನ್ನ ಆಮೇಲೆ ಮಾಡ್ಕೊಳ್ಳಿ. ಈಗ ಒಂದು ಹೆಸರು ಇದ್ರೆ ಸಾಕು. ಇಲ್ಲಾಂದ್ರೆ ಫೈಲ್ ಇಲ್ಲೇ ನಿಂತುಬಿಡುತ್ತೆ, ಮಳೆ ಬರೋ ಹೊತ್ತಿಗೆ ಅರ್ಧ ಗೋಡೆ ಇರುತ್ತೆ ಅಷ್ಟೆ. ಆಗ ಏನ್ ಮಾಡ್ತೀರಿ?"

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕಿಟಕಿಯ ಹೊರಗೆ ಮುನಿಯಪ್ಪ ಮರದ ಕೆಳಗೆ ಕೂತು ಚಹಾ ಕುಡಿಯುತ್ತಿದ್ದ. ಖಾಲಿ ಬಿಟ್ಟಿದ್ದ ಜಾಗದಲ್ಲಿ ನಾನು 'ನೀರುಗಂಟಿ ಮುನಿಯಪ್ಪ' ಎಂದು ಬರೆದೆ. ಕೆಳಗೆ ಸಹಿ ಹಾಕಿ ಮೊಹರು ಒತ್ತಿದೆ. ಕರೆದು ಒಂದು ಮಾತು ಹೇಳಬಹುದಿತ್ತು. ವಾರದ ನಂತರ, ಬೇರೇನೋ ಹೇಳುವಾಗ, ಜೊತೆಗೆ ಹೇಳಿದೆ: "ಶಟರ್ ಕಡೆಗೂ ಒಂದು ಕಣ್ಣಿಟ್ಟಿರಿ ಮುನಿಯಪ್ಪ." ಅವನು "ಆಗ್ಲಿ ಕಣಮ್ಮ" ಎಂದ. ಆದೇಶವಿಲ್ಲ, ಕಾಗದವಿಲ್ಲ. ತನ್ನ ಹೆಸರು ಸರ್ಕಾರದ ಫೈಲಿನಲ್ಲಿದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

ಜೂನ್ ಮೊದಲಲ್ಲಿ ಹಸ್ತಾಂತರ. ಫೋಟೊ ತೆಗೆದರು, ಎಳನೀರು ಕುಡಿದೆವು. "ಇನ್ಮೇಲೆ ಇದು ನಿಮ್ದು ಮೇಡಂ" ಎಂದು ಪ್ರಸಾದ್ ನನ್ನ ಕೈ ಕುಲುಕಿದರು. ಅವರಿಗೆ ಬೇರೆ ಕಡೆ ಕೆಲಸ ಕಾದಿತ್ತು.

ಮೊದಲ ಮಳೆಗೇ ಜಾಲರಿ ಏನೆಂದು ಗೊತ್ತಾಯಿತು. ಕೆರೆಯ ಮೇಲ್ಗಡೆಯ ಬಡಾವಣೆಗಳಿಂದ ಬರದ ವಸ್ತುವಿಲ್ಲ. ಥರ್ಮಕೋಲು, ಸಿಮೆಂಟು ಚೀಲ, ಚಪ್ಪಲಿ, ತೆಂಗಿನ ಗರಿ, ಒಮ್ಮೆ ಇಡೀ ಒಂದು ಸೋಫಾ. ಮುನಿಯಪ್ಪ ಬೆಳಿಗ್ಗೆ ವಾಲ್ವುಗಳನ್ನು ತಿರುಗಿಸಿ, ಆಮೇಲೆ ಕೋಡಿಗೆ ಹೋಗಿ, ಬಿದಿರಿನ ಗಳದ ತುದಿಗೆ ಕೊಕ್ಕೆ ಕಟ್ಟಿಕೊಂಡು ಒಬ್ಬನೇ ಎಳೆಯುತ್ತಿದ್ದ. ತೆಗೆದು ದಡಕ್ಕೆ ಹಾಕಿದ ಕಸದಿಂದ ಅದೇ ವಾಸನೆ. ಒಂದು ದಿನ ಹಾಗೇ ಒದ್ದೆಯಾಗಿ ಕಚೇರಿಗೆ ಬಂದ.

"ಒಬ್ಬನ ಕೈಲಿ ಆಗಕ್ಕಿಲ್ಲಮ್ಮ. ಮಳೆಗಾಲ ಮುಗಿಯೋಗಂಟ ಇಬ್ರುನ್ನ ಕೊಡಿ. ಒಂದು ಕಬ್ಬುಣದ ಏಣಿ ಬೇಕು. ಜೋರು ಮಳೆ ಬಂದ್ರೆ ನಾನೊಬ್ನೇ ಏನ್ ಮಾಡ್ಲಿ?"

ಬರೆದುಕೊಂಡೆ. ಸಭೆಯ ಮುಂದೆ ಇಡುತ್ತೇನೆ ಎಂದೆ. ಜೂನಿನ ಸಭೆಗೆ ಸದಸ್ಯರೇ ಸಾಕಷ್ಟು ಬರಲಿಲ್ಲ. ಜುಲೈ ಸಭೆ ಯಾವ ಬೀದಿಗೆ ಮೊದಲು ಟಾರು ಹಾಕಬೇಕೆಂಬ ಜಗಳದಲ್ಲಿ ಮುಗಿಯಿತು. ಅವನು ಮೂರು ಸಲ ಕೇಳಿದ, ಮೂರು ಸಲವೂ ನಾನು ಬರೆದುಕೊಂಡೆ. ನನ್ನ ಕೈಯಿಂದ ಒಂದು ರೇನ್‌ಕೋಟು ಮಾತ್ರ ತಂದುಕೊಟ್ಟೆ. ತಗಡಿನ ಮನೆಗಳವರಿಗೆ ಬೇರೆ ಜಾಗ ಕೊಡುವ ವಿಷಯವೂ ಆ ಫೈಲಿನ ಕೆಳಗಿನ ಫೈಲಿನಲ್ಲಿತ್ತು.

ಆಗಸ್ಟ್ ಕೊನೆಯಲ್ಲಿ ಹಿಡಿದ ಮಳೆ ಎರಡು ದಿನ ಬಿಡಲಿಲ್ಲ. ಮೂರನೆಯ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಸಿಲು ಬಂತು. ಜನ ಕೆಲಸಕ್ಕೆ ಹೋದರು. ನಾನು ತಾಲ್ಲೂಕು ಕಚೇರಿಯ ಸಭೆಗೆ ಹೋದೆ. ಹತ್ತೂವರೆಗೆ ಮತ್ತೆ ಶುರುವಾಯಿತು. ಸಭಾಂಗಣದ ಕಿಟಕಿಯಾಚೆ ಎದುರಿನ ಕಟ್ಟಡವೇ ಕಾಣದಂಥ ಮಳೆ. ಹನ್ನೊಂದಕ್ಕೆ ಮುನಿಯಪ್ಪನ ಫೋನು ಬಂತು. ಹೊರಗೆ ಬಂದು ಮಾತಾಡಿದೆ.

"ಅಮ್ಮಾ, ಜಾಲರಿ ಕಟ್ಕೊಂಡ್ಬಿಟ್ಟೈತೆ! ಯಾವ್ದೋ ಆಸಿಗೆ ಬಂದು ಅಡ್ಡ ಕೂತ್ಕೊಂಡೈತೆ, ಎಳುದ್ರೆ ಬರ್ತಾ ಇಲ್ಲ. ಶಟರ್ ಪೂರಾ ಎತ್ತಿವ್ನಿ, ನೀರು ಓಗ್ತಾ ಇಲ್ಲ. ನಾಕು ಜನ ಕಳ್ಸಿ ಬಿರ್ರನೆ!"

"ಕಳಿಸ್ತೀನಿ. ನೀವೊಬ್ರೇ ನೀರಿಗೆ ಇಳೀಬೇಡಿ ಮುನಿಯಪ್ಪ. ಇಳೀಬೇಡಿ, ಕೇಳಿಸ್ತಾ?"

ನಾಗರಾಜುಗೆ ಫೋನು ಮಾಡಿದೆ. ಪಂಚಾಯಿತಿಯ ಆಳುಗಳು ಪಂಪಿನ ಜೊತೆ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿದ್ದರು. "ಇಲ್ಲಿ ಕಾರೆಲ್ಲಾ ಮುಳುಗ್ತಾ ಇವೆ ಮೇಡಂ, ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್. ಒಂದ್ ಅರ್ಧ ಗಂಟೆ, ಕಳಿಸ್ಬಿಡ್ತೀನಿ." ಸರಿ ಎಂದೆ. ಸರಿ ಎಂದು ಮತ್ತೆ ಒಳಗೆ ಹೋಗಿ ಕೂತೆ. ಎಷ್ಟು ಹೊತ್ತು ಕೂತೆನೋ ನೆನಪಿಲ್ಲ. ಇಪ್ಪತ್ತು ನಿಮಿಷವಿರಬಹುದು. ಆಮೇಲೆ ಕೂರಲಾಗದೆ ಎದ್ದು ಆಟೊ ಹಿಡಿದೆ.

ಆ ಹೊತ್ತಿನಲ್ಲಿ ನಡೆದದ್ದನ್ನು ನಾನು ಆಮೇಲೆ ಹಲವರ ಬಾಯಿಂದ ಕೇಳಿ ಕೂಡಿಸಿಕೊಂಡೆ. ಮುನಿಯಪ್ಪ ಗಳ ಹಾಕಿ ಎಳೆಯುತ್ತಲೇ ಇದ್ದ. ಗಳ ಮುರಿಯಿತು. ಹೋಗಲು ದಾರಿಯಿಲ್ಲದ ನೀರು ಏರಿಯ ತಗ್ಗಾದ ಕಡೆಯಿಂದ ಉಕ್ಕಿ ಕೆಳಗೆ ಬೀಳತೊಡಗಿದ್ದನ್ನು ಅವನು ನೋಡಿದ. ಕೆಳಗೆ ಇಟ್ಟಿಗೆ ಗೂಡಿನ ತಗ್ಗು. ಮುರಿದ ಗಳವನ್ನು ಅಲ್ಲೇ ಬಿಸಾಡಿ ಏರಿಯಿಂದ ಇಳಿದು ಓಡಿದ. ತಗಡಿನ ಮಾಡಿನ ಮೇಲೆ ಮಳೆಯ ಸದ್ದಿಗೆ ಕೂಗಿದರೆ ಕೇಳುತ್ತಿರಲಿಲ್ಲ. ಒಂದೊಂದೇ ಬಾಗಿಲನ್ನು ಎರಡೂ ಕೈಯಿಂದ ಬಡಿದ. ಒಂದು ಮನೆಯಲ್ಲಿ ಕಣ್ಣು ಕಾಣದ ಮುದುಕಿ, ಅವಳನ್ನು ಹೆಗಲ ಮೇಲೆ ಹೊತ್ತು ಏರಿಗೆ ತಂದ. ಇನ್ನೊಂದರಲ್ಲಿ ಬಾಣಂತಿ. ಮತ್ತೊಂದರಲ್ಲಿ ಮಕ್ಕಳು ಮಾತ್ರ. ಎಲ್ಲರನ್ನೂ ಮೇಲಕ್ಕೆ ಹತ್ತಿಸಿದ. ಹನ್ನೊಂದನೆಯ ಬಾಗಿಲಿಗೆ ಬೀಗ ಹಾಕಿತ್ತು. ಯಾರೂ ಇಲ್ಲವೆಂದು ದಾಟಿ ಹನ್ನೆರಡನೆಯದಕ್ಕೆ ಹೋದ.

ಹನ್ನೊಂದನೆಯದು ಹಣಮವ್ವನ ಮನೆ. ಒಳಗೆ ಚಿಲಕವಿಲ್ಲದ್ದರಿಂದ ಅವಳು ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದಳು. ರಾತ್ರಿ ಪಾಳಿ ಮುಗಿಸಿ ಬಂದ ಬಸಪ್ಪ ಒಳಗೆ ಮಲಗಿರುತ್ತಿದ್ದ.

ನಾನು ತಲುಪಿದಾಗ ಒಂದು ಗಂಟೆ ದಾಟಿತ್ತು. ಆಳುಗಳು ಆಗಷ್ಟೇ ಬಂದು ಜಾಲರಿಯ ಕಸ ಕಿತ್ತಿದ್ದರು. ನೀರು ಇಳಿಯುತ್ತಿತ್ತು. ಕೆಳಗಿನ ತಗಡಿನ ಮನೆಗಳ ಅರ್ಧ ಸಾಲು ಒಂದರ ಮೇಲೊಂದು ವಾಲಿಕೊಂಡಿತ್ತು. ಏರಿಯ ಮೇಲಿನಿಂದ ಹಣಮವ್ವ ಓಡಿ ಬಂದಳು. ಅಪಾರ್ಟ್‌ಮೆಂಟಿನ ನೀಲಿ ಸಮವಸ್ತ್ರ, ಬರಿಗಾಲು. ಮುಷ್ಟಿಯಲ್ಲಿ ಬೀಗದ ಕೈ.

"ಕೀಲಿ ನನ್ನ ಕಡೆ ಐತ್ರಿ! ಯಾರರ ಬಾಗಲಾ ತಗೀರಿ. ಒಳಗ ಮಲ್ಗ್ಯಾನ್ರಿ ಅಂವ. ಎಚ್ಚರಿಲ್ರಿ ಅವಂಗ. ಕೀಲಿ ತಗೋರಿ, ತಗೋರಿ ಅಂದ್ರ!"

ತೆಗೆಯಲು ಬಾಗಿಲು ನೆಟ್ಟಗಿರಲಿಲ್ಲ. ತಗಡು ಕತ್ತರಿಸಿ ಹೊರತಂದರು. ನಾನು ನೋಡಿದೆ. ಅದನ್ನು ಇಲ್ಲಿ ಬರೆಯಲಾರೆ. ಮುನಿಯಪ್ಪ ಅಲ್ಲಿಯೇ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಎರಡೂ ಅಂಗೈ ಬಾತುಕೊಂಡು ಕೆಂಪಾಗಿದ್ದವು. "ಬೀಗ ಇತ್ತು," ಎನ್ನುತ್ತಿದ್ದ. ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳುತ್ತಿದ್ದ. "ಬೀಗ ಇತ್ತು ಕಣಪ್ಪ."

ಮಾರನೆಯ ದಿನ ಬಸಪ್ಪನ ದೇಹವನ್ನು ಊರಿಗೆ ಒಯ್ಯುವ ವಾಹನ ಬಂತು. ಹಣಮವ್ವ ಹತ್ತುವ ಮೊದಲು ಮುನಿಯಪ್ಪ ಅವಳ ಕಾಲು ಮುಟ್ಟಲು ಬಗ್ಗಿದ. ಅವಳು ಹಿಂದೆ ಸರಿದು ಅವನ ಭುಜ ಹಿಡಿದು ನಿಲ್ಲಿಸಿದಳು.

"ಕೀಲಿ ಹಾಕಿದಾಕಿ ನಾನ್ರೀ ಅಜ್ಜಾ. ನಿಮ್ದೇನೈತಿ ಇದ್ರಾಗ."

ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಅವಳು ಆ ಕಡೆಗೆ ಬರಲೇ ಇಲ್ಲ.

ವಿಚಾರಣೆ ನಡೆಯಿತು. ಅಧಿಕಾರಿಯೊಬ್ಬರು ಬಂದು ನಮ್ಮ ಸಭಾಂಗಣದಲ್ಲೇ ಕೂತರು. ಕಾಮಗಾರಿ ಮಾಡಿಸಿದ ಇಲಾಖೆಯವರು ಗೋಡೆ, ಶಟರು, ಜಾಲರಿ ಎಲ್ಲ ಸರಿಯಾಗಿವೆ, ಹಸ್ತಾಂತರವಾಗಿದೆ, ಹಾನಿಗೆ ತಾವು ಹೊಣೆಯಲ್ಲವೆಂದು ಪಂಚಾಯಿತಿಯೇ ಬರೆದುಕೊಟ್ಟಿದೆ ಎಂದು ಉತ್ತರ ಕೊಟ್ಟಿದ್ದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಧಿಕಾರಿ ನನ್ನ ದೃಢೀಕರಣ ಪತ್ರವನ್ನು ಮುಂದಿಟ್ಟು, "ಇದರಲ್ಲಿರೋ ಮುನಿಯಪ್ಪ ಯಾರು?" ಎಂದರು. ಅವನನ್ನು ಕರೆದರು.

"ಶಟರ್ ಡ್ಯೂಟಿ ನಿನ್ದೇ ಅಲ್ವಾ?"

ಮುನಿಯಪ್ಪ ನನ್ನ ಮುಖ ನೋಡಿದ. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಊಂ ಸಾಮಿ," ಎಂದ.

"ನೀರು ಉಕ್ಕಿದಾಗ ಅಲ್ಲಿರದೆ ಎಲ್ಲಿಗೆ ಹೋಗಿದ್ದೆ?"

"ಬಾಗ್ಲು ತಟ್ಟಕ್ಕೋಗಿದ್ದೆ ಸಾಮಿ."

ಅಧಿಕಾರಿ ಬರೆದುಕೊಂಡರು. ಆ ಸಾಲನ್ನು ನಾನು ಆಮೇಲೆ ವರದಿಯಲ್ಲಿ ಓದಿದೆ: 'ಸದರಿ ಸಿಬ್ಬಂದಿ ತುರ್ತು ಸಂದರ್ಭದಲ್ಲಿ ಕರ್ತವ್ಯ ಸ್ಥಳವನ್ನು ಬಿಟ್ಟು ತೆರಳಿರುವುದು ಕಂಡುಬಂದಿದೆ.' ನನ್ನನ್ನು ಕೇಳಿದರು, ಇವರನ್ನು ನೇಮಿಸಿದ್ದು ನಿಜವೇ ಎಂದು. ಇಲ್ಲ ಎಂದರೆ ನಾನು ಸುಳ್ಳು ದೃಢೀಕರಣ ಕೊಟ್ಟವಳಾಗುತ್ತಿದ್ದೆ. ಹೌದು ಎಂದೂ ಹೇಳಲಿಲ್ಲ. "ಅದರಲ್ಲಿ ಬರೆದಿದೆ ಸಾರ್," ಎಂದೆ. ಅಷ್ಟೇ. ಅಷ್ಟು ಸಾಕಾಯಿತು.

ಮುನಿಯಪ್ಪನನ್ನು ಕೆಲಸದಿಂದ ತೆಗೆದರು. ನನ್ನನ್ನು ತುಮಕೂರು ರಸ್ತೆಯ ಕಡೆಯ ಒಂದು ಪಂಚಾಯಿತಿಗೆ ವರ್ಗ ಮಾಡಿದರು. ಮನೆಗೆ ಹತ್ತಿರವಾಯಿತು. ಬಂಧುಗಳು ಒಳ್ಳೆಯದಾಯಿತು ಎಂದರು.

ಆ ಚಳಿಗಾಲದ ಒಂದು ಭಾನುವಾರ. ಗಂಡ ರಾತ್ರಿ ಪಾಳಿ ಮುಗಿಸಿ ಬಂದು, ಪರದೆ ಎಳೆದು, ಕಣ್ಣಿನ ಮೇಲೆ ತೋಳಿಟ್ಟು ಮಲಗಿದ್ದರು. ಬೆರಳ ಸಂದಿಯ ಎಣ್ಣೆ ಸೋಪಿಗೂ ಹೋಗಿರಲಿಲ್ಲ. ತರಕಾರಿ ತರಲು ಹೊರಟೆ. ರಾಜಗೋಪಾಲನಗರದ ನಮ್ಮ ಬೀದಿಯಲ್ಲಿ ನಾವೆಲ್ಲ ಮಾಡುವುದೇ ಅದು: ಪಾಳಿಯವರು ಮಲಗಿದ್ದರೆ ಎಬ್ಬಿಸದೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುವುದು. ಎಷ್ಟೋ ವರ್ಷದಿಂದ ಹಾಗೆ ಮಾಡಿದ್ದೆ. ಅವತ್ತು ಬೀಗವನ್ನು ಕೊಂಡಿಗೆ ಸಿಕ್ಕಿಸಿದೆ, ಒತ್ತಲಾಗಲಿಲ್ಲ. ಚೀಲ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟೆ. ಅವರು ಎದ್ದು ಬಂದಾಗ ಮಧ್ಯಾಹ್ನ ಮೂರು ಗಂಟೆ. ಎಲ್ಲವನ್ನೂ ಹೇಳಿದೆ. ಅಲ್ಲಿಯವರೆಗೆ ಅವರಿಗೆ ಹೇಳಿದ್ದು ಅರ್ಧ ಮಾತ್ರ.

"ನಿಜಾನ ಬರೆದುಕೊಟ್ಟರೆ ಏನಾಗುತ್ತೆ?" ಎಂದರು.

"ನೋಟಿಸ್ ಕೊಡ್ತಾರೆ. ಸಸ್ಪೆಂಡ್ ಮಾಡಿದ್ರೂ ಮಾಡಬಹುದು."

"ಬರೀದೇ ಇದ್ರೆ?"

ಅವರು ಒಳಗೆ ಹೋಗಿ ಚಹಾ ಮಾಡಿ ತಂದರು.

ಮೇಲಧಿಕಾರಿಗಳಿಗೆ ಮೂರು ಪುಟದ ಪತ್ರ ಬರೆದು, ಟೈಪು ಮಾಡಿಸಿ ಕಳಿಸಿದೆ. ಮುನಿಯಪ್ಪನನ್ನು ಯಾವ ಆದೇಶದಿಂದಲೂ ನೇಮಿಸಿರಲಿಲ್ಲ, ಹೆಸರು ಬರೆದದ್ದು ಅವನಿಗೆ ತಿಳಿಸಿರಲಿಲ್ಲ, ಅವನು ಮೂರು ಸಲ ಆಳು ಕೇಳಿದ್ದ, ಆ ತಗ್ಗು ನೀರಿನ ಜಾಗವೆಂದು ಎಚ್ಚರಿಸಿದ್ದ, ಆ ಜಾಗ ತೋರಿಸಿದವಳು ನಾನು, ಚಿಲಕವಿಲ್ಲದ ಬಾಗಿಲು ನೋಡಿ ಸುಮ್ಮನಿದ್ದವಳೂ ನಾನು. ನೋಟಿಸು ಬಂತು, ಬಡ್ತಿ ನಿಂತಿತು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಎಂಟು ತಿಂಗಳ ನಂತರ ಮುನಿಯಪ್ಪನ ಮೇಲಿನ ಆರೋಪ ಕೈಬಿಟ್ಟು, ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬಹುದು ಎಂದು ಆದೇಶವಾಯಿತು. ಅವನು ಹೋಗಲಿಲ್ಲ ಎಂದು ನಾಗರಾಜು ಫೋನಿನಲ್ಲಿ ಹೇಳಿದರು. "ಎಷ್ಟ್ ಕರೆದ್ರೂ ಬರಲ್ಲ ಮೇಡಂ. ಕೆರೆ ಕಡೆ ತಲೆನೂ ಹಾಕಲ್ಲ."

ಪತ್ರದ ನನ್ನ ಪ್ರತಿ ಹಿಡಿದುಕೊಂಡು ಹೊಂಗೆಕುಂಟೆಗೆ ಹೋದೆ. ಮುನಿಯಪ್ಪ ಒಂದು ಅಪಾರ್ಟ್‌ಮೆಂಟಿನಲ್ಲಿ ಗಿಡ ನೋಡಿಕೊಳ್ಳುವ ಕೆಲಸಕ್ಕಿದ್ದ. ನನ್ನನ್ನು ನೋಡಿ ಪೈಪಿನ ನೀರು ನಿಲ್ಲಿಸಿ ಬಂದ. ಇನ್ನೂ ಸಣಕಲಾಗಿದ್ದ. ಕಾಂಪೌಂಡಿನ ಗೋಡೆಯ ನೆರಳಲ್ಲಿ ಕೂತೆವು. ಕ್ಷಮೆ ಕೇಳುವ ಮಾತನ್ನು ಬಸ್ಸಿನಲ್ಲಿ ಎಷ್ಟೋ ಸಲ ಜೋಡಿಸಿಕೊಂಡಿದ್ದೆ. ಅದರ ಬದಲು ಪತ್ರ ಓ‌ದಿ ಹೇಳಲೇ ಎಂದೆ. ತಲೆಯಾಡಿಸಿದ.

ನಿಧಾನವಾಗಿ ಓದಿದೆ, ಮೂರು ಪುಟವನ್ನೂ. ಅವನು ನೆಲ ನೋಡುತ್ತ ಕೇಳಿಸಿಕೊಂಡ.

"ನೀವು ಬರದಿರೋದೆಲ್ಲಾ ಸರಿಯಾಗೈತೆ ಕಣಮ್ಮ," ಎಂದ. "ಆದ್ರೆ ಅಲ್ಲಿದ್ದೋನು ನಾನು. ಕಾಗ್ದ ಇದ್ರೂ ನಾನೇ, ಇಲ್ದಿದ್ರೂ ನಾನೇ. ಬೀಗ ನೋಡ್ಕೊಂಡು ಮುಂದಕ್ಕೋದೋನು ನಾನೇ."

ಹಾಳೆಗಳನ್ನು ಮಡಿಸತೊಡಗಿದೆ. ಅವನು ಕೈ ಅಡ್ಡ ಹಿಡಿದ.

"ಅವನ ಎಸ್ರು ಇದ್ರಾಗೆ ಐತಾ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಪುಟಗಳನ್ನು ತಿರುವಿದೆ. ಇರಲಾರದು ಎಂದು ಗೊತ್ತಿದ್ದೂ ತಿರುವಿದೆ. ಮುನಿಯಪ್ಪನ ಹೆಸರು ಒಂಬತ್ತು ಸಲವೋ ಹತ್ತು ಸಲವೋ ಇತ್ತು. ನನ್ನದಿತ್ತು. ಸತ್ತವನ ಹೆಸರಿರಬೇಕಾದ ಕಡೆ ಮಾತ್ರ 'ಓರ್ವ ವಲಸೆ ಕಾರ್ಮಿಕ' ಎಂದಿತ್ತು.

"ಇಲ್ಲ ಮುನಿಯಪ್ಪ," ಎಂದೆ.

"ಬಸಪ್ಪ ಅಂತ," ಎಂದ ಅವನು. "ಬರ್ಕಳಿ."

ಪತ್ರ ಕಳಿಸಿ ವರ್ಷವಾಗುತ್ತ ಬಂದಿತ್ತು. ಅದಕ್ಕೆ ಆದೇಶವೂ ಆಗಿ ಹೋಗಿತ್ತು. ಆದರೂ ಚೀಲದಿಂದ ಪೆನ್ನು ತೆಗೆದು, ಹಾಳೆಯನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಅಚ್ಚಾದ ಆ ಸಾಲಿನ ಮೇಲೆ ಹೆಸರು ಬರೆದೆ. ಓದಲು ಬಾರದ ಮುನಿಯಪ್ಪ ಹತ್ತಿರಕ್ಕೆ ಬಗ್ಗಿ, ಕೊನೆಯ ಅಕ್ಷರ ಮುಗಿಯುವವರೆಗೆ ನೋಡಿದ.